ಬೆಣ್ಣೆ ಕೈಯಲ್ಲಿ ಚರ್ಚ್ ಮುಟ್ಟಬೇಡಿ

ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಫ್ಯಾನ್ ಆಫ್ ಮಾಡಿಸುವ ಹವ್ಯಾಸ ಯಾವುದೇ ಇರಲಿ, ಅದು ಸ್ನೇಹಕ್ಕೆ ಒಳ್ಳೆಯದಲ್ಲ. ನಮ್ಮ ವೀರೇಶ ಕಾಗದದಲ್ಲಿ ಚರ್ಚ್ ಕಟ್ಟುತ್ತಿದ್ದಾನೆ. ಸಣ್ಣಪುಟ್ಟ ಚರ್ಚ್ ಅಲ್ಲ, ಜರ್ಮನಿಯ ಕಲೋನ್ ಕೆಥೆಡ್ರಲ್. ಅದರ ಕೆಲವು ತುಂಡುಗಳನ್ನು ಚಿಮುಟದಲ್ಲೇ ಹಿಡಿಯಬೇಕು, ಯಾರಾದರೂ ಜೋರಾಗಿ ನಕ್ಕರೂ ಹಾರಿ ಸೋಫಾ ಕೆಳಗೆ ಸೇರಿಕೊಳ್ಳುತ್ತವೆ, ಇನ್ನು ಫ್ಯಾನ್ ಮಾತು ಎತ್ತುವ ಹಾಗೇ ಇಲ್ಲ.

ವಾರವೆಲ್ಲಾ ಬ್ಯಾಂಕಿನಲ್ಲಿ ಕೂತು ಕಾಗದ ಎಣಿಸುವ ಮನುಷ್ಯ ಭಾನುವಾರ ಮನೆಯಲ್ಲಿ ಕೂತು ಕಾಗದ ಕತ್ತರಿಸುತ್ತಾನೆ. ಇದಕ್ಕೆ ಔಷಧಿ ಇಲ್ಲ. ನಾವಂತೂ ನೋಡೋಕೆ ಹೋಗುತ್ತೇವೆ. ಪಿ.ಜೆ. ಬಡಾವಣೆಯಲ್ಲಿ ಅವನ ಮನೆ, ಮಹಡಿ ಮೇಲಿನ ರೂಮು. ನಾನು, ಮದುವೆ ಪತ್ರಿಕೆ ಪ್ರೆಸ್ಸಿನ ಮಂಜಣ್ಣ, ರಿಟೈರ್ ಆದ ಲೆಕ್ಕದ ಮೇಷ್ಟ್ರು, ಮತ್ತೆ ಚಿತ್ರದುರ್ಗದಿಂದ ಬಂದು ಇಲ್ಲೇ ಮನೆ ಕಟ್ಟಿ ಮಕ್ಕಳ ಮದುವೆ ಮಾಡಿದರೂ ಇನ್ನೂ ದಾವಣಗೆರೆಯನ್ನು ಒಪ್ಪಿಕೊಳ್ಳದ ತಿಪ್ಪೇಶಿ. ಹೋಗುವಾಗ ಬೆಣ್ಣೆ ದೋಸೆ, ಮಿರ್ಚಿ, ಮಂಡಕ್ಕಿ ಕಟ್ಟಿಸಿಕೊಳ್ಳುವುದು ಪದ್ಧತಿ. ಮೊನ್ನೆ ನಾವು ಇನ್ನೂ ಮೆಟ್ಟಿಲ ಮೇಲಿದ್ದೆವು, ವೀರೇಶ ಕೂಗಿದ.

“ಕೈ ತೊಳ್ಕೊಂಡು ಬನ್ರೋ! ಸೋಪು ಹಾಕಿ! ಬೆಣ್ಣೆ ತಾಗಿದ ಕಾಗದಕ್ಕೆ ಅಂಟು ಹಿಡಿಯಲ್ಲ.”

“ಲೇ, ನಾವಿನ್ನೂ ತಿಂದೇ ಇಲ್ಲ.”

“ಪೊಟ್ಟಣ ಹಿಡ್ಕೊಂಡಿದ್ದೀಯಲ್ಲ ತಿಪ್ಪೇಶಿ?”

ಅದಕ್ಕೆ ತಿಪ್ಪೇಶಿ ಹತ್ತಿರ ಉತ್ತರ ಇರಲಿಲ್ಲ. ಈ ಊರಲ್ಲಿ ದೋಸೆ ಪೊಟ್ಟಣ ಹಿಡಿದು ಒಣಗೈಯಲ್ಲಿ ಉಳಿದವರು ಯಾರೂ ಇಲ್ಲ.

ಮೇಜಿನ ಮೇಲೆ ಸ್ಟೀಲ್ ಸ್ಕೇಲು, ಕಟ್ಟರ್, ಫೆವಿಕಾಲ್ ಹಚ್ಚೋಕೆ ಹಲ್ಲುಕಡ್ಡಿ, ರೀಫಿಲ್ ಮುಗಿದ ಒಂದು ಬಾಲ್‌ಪೆನ್ನು. ಆ ಪೆನ್ನು ಯಾಕೆ ಅಂತ ನಾನು ಕೇಳಿದೆ. ಮಡಚುವ ಗೆರೆ ಮೇಲೆ ಮೊದಲು ಅದರಿಂದ ಗೀರಬೇಕಂತೆ, ಆಮೇಲೆ ಮಡಚಿದರೆ ಅಂಚು ನೇರ ಬರುತ್ತದೆ, ಇಲ್ಲದಿದ್ದರೆ ಕಾಗದ ತನಗೆ ಬೇಕಾದ ಕಡೆ ಮುರಿಯುತ್ತದೆ.

“ಇದರಲ್ಲಿ ಹೊಸದೇನಿದೆ?” ಅಂದ ಮಂಜಣ್ಣ. “ನಾವು ಪ್ರೆಸ್ಸಲ್ಲಿ ದಿನಾ ಕ್ರೀಸಿಂಗ್ ಮಾಡ್ತೀವಿ. ಎಲ್ಲಾ ಹಾಳೆಗೂ ನಾರು ಒಂದು ದಿಕ್ಕಿಗೆ ಇರುತ್ತೆ. ನಾರಿನ ಉದ್ದಕ್ಕೆ ಮಡಚಿದ್ರೆ ಸುಮ್ನೆ ಮಡಚ್ಕೊಳ್ಳುತ್ತೆ. ಅಡ್ಡಕ್ಕೆ ಮಡಚಿದ್ರೆ ಸಿಪ್ಪೆ ಏಳುತ್ತೆ. ಇವನು ನನ್ನ ಹತ್ರ 200 ಜಿಎಸ್‌ಎಂನ ದಪ್ಪ ಹಾಳೆ ತಗೊಂಡು ಹೋಗಿ ಅಡ್ಡಡ್ಡ ಮಡಚಿ, ಕಾಗದ ಸರಿ ಇಲ್ಲ ಅಂತ ನನಗೇ ಫೋನ್ ಮಾಡಿದ.”

“ಆಯ್ತು ಮಾರಾಯ, ಎಷ್ಟು ಸಲ ಹೇಳ್ತೀಯ?”

“ಹಾಳೆ ದುಡ್ಡು ಕೊಡೋ ತನಕ.”

ವೀರೇಶನ ಚರ್ಚ್ 300ಕ್ಕೆ 1ರ ಅಳತೆಯದು. ನಿಜವಾದ ಕಲೋನ್ ಗೋಪುರದ ಎತ್ತರ 157 ಮೀಟರ್, ಅಂದರೆ ಇವನದು ಅರ್ಧ ಮೀಟರಿಗಿಂತ ಒಂದು ಚೂರು ಜಾಸ್ತಿ. ಈ ಅಳತೆಯಲ್ಲಿ ಮನುಷ್ಯ ಎಷ್ಟು ಎತ್ತರ ಬರ್ತಾನೆ ಅಂತ ಮೇಷ್ಟ್ರು ಮನಸ್ಸಲ್ಲೇ ಲೆಕ್ಕ ಹಾಕಿ, ಪೊಟ್ಟಣದಿಂದ ಒಂದು ಮಂಡಕ್ಕಿ ಕಾಳು ತೆಗೆದು ಚರ್ಚಿನ ಬಾಗಿಲ ಮುಂದೆ ನಿಲ್ಲಿಸಿದರು. “ನಿನ್ನ ಭಕ್ತರು ಇದಕ್ಕಿಂತ ಗಿಡ್ಡ. ಐದೂವರೆ ಮಿಲಿಮೀಟರ್.”

“ಸರ್, ಅದಕ್ಕೆ ಎಣ್ಣೆ ಇದೆ! ತೆಗೀರಿ!”

ಮೇಷ್ಟ್ರು ತೆಗೆದು ಬಾಯಿಗೆ ಹಾಕಿಕೊಂಡರು. ಲೆಕ್ಕ ಮಾತ್ರ ನಿಲ್ಲಿಸಲಿಲ್ಲ. ಕಾಗದದ ದಪ್ಪ ಹೆಚ್ಚುಕಡಿಮೆ ಕಾಲು ಮಿಲಿಮೀಟರ್. ಅದನ್ನು 300ರಿಂದ ಗುಣಿಸಿದರೆ ಏಳೂವರೆ ಸೆಂಟಿಮೀಟರ್, ಮೂರು ಇಂಚು. “ನಿಮ್ಮನೆ ಗೋಡೆನೇ ಒಂಬತ್ತು ಇಂಚು. 157 ಮೀಟರ್ ಕಟ್ಟಡಕ್ಕೆ ಮೂರು ಇಂಚಿನ ಗೋಡೆ ಕಟ್ಟಿದ್ದೀಯ. ಯಾವ ಇಂಜಿನಿಯರ್ ಸಹಿ ಹಾಕ್ತಾನೋ?”

ಇಲ್ಲಿ ವೀರೇಶನ ಮುಖ ಅರಳಿತು. ಅವನಿಗೆ ಇಷ್ಟವಾದ ಜಾಗಕ್ಕೆ ಮಾತು ಬಂದಿತ್ತು.

“ಅದೇ ಸರ್ ಮಜಾ. ಮೊದಲು ಗೋಡೆ ನಿಲ್ಲಿಸಿದೆ, ಚೆನ್ನಾಗೇ ನಿಂತಿತು. ಮೇಲೆ ಕಮಾನು, ಚಾವಣಿ ಕೂರಿಸಿದೆ ನೋಡಿ, ಗೋಡೆ ಎರಡೂ ಹೊರಕ್ಕೆ ಉಬ್ಬಿಬಿಟ್ಟವು. ಆಮೇಲೆ ಹೊರಗಿನಿಂದ ಈ ಆನಿಕೆ ಕಮಾನುಗಳನ್ನ ಒಂದೊಂದೇ ಅಂಟಿಸಿದ ಹಾಗೆ ಗೋಡೆ ಒಳಗೆ ಬಂತು. ಅಸಲಿ ಚರ್ಚಲ್ಲೂ ಅದೇ ಕೆಲಸ ಅದರದು. ಚಾವಣಿಯ ಕಲ್ಲಿನ ಕಮಾನು ಗೋಡೆನ ಹೊರಕ್ಕೆ ನೂಕುತ್ತೆ, ಹೊರಗಿನ ಆನಿಕೆ ಆ ನೂಕನ್ನ ತಗೊಂಡು ನೆಲಕ್ಕೆ ಇಳಿಸುತ್ತೆ. ಗೋಡೆಗೆ ಹೊರೋ ಕೆಲಸ ಕಡಿಮೆ ಆಯ್ತಲ್ಲ, ಅದಕ್ಕೇ ಗೋಡೆ ಇರಬೇಕಾದ ಕಡೆಯೆಲ್ಲಾ ಗಾಜು ಹಾಕಿದ್ದಾರೆ.”

ಇದನ್ನು ಒಪ್ಪಲೇಬೇಕು. ನಾನು ಈ ಚರ್ಚುಗಳ ಫೋಟೋ ಎಷ್ಟೋ ನೋಡಿದ್ದೇನೆ, ಪಕ್ಕದಲ್ಲಿರುವ ಆ ಕಲ್ಲಿನ ಕಾಲುಗಳೆಲ್ಲಾ ಸುಮ್ನೆ ಶೋಕಿಗೆ ಅಂದುಕೊಂಡಿದ್ದೆ. ವೀರೇಶ ಇನ್ನೂ ಅಂಟು ಒಣಗದ ಒಂದು ಆನಿಕೆ ಬಿಚ್ಚಿ ತೋರಿಸಿದ. ಗೋಡೆ ನಿಧಾನಕ್ಕೆ ಹೊಟ್ಟೆ ಬಿಟ್ಟಿತು. ಮತ್ತೆ ಇಟ್ಟ, ಹೊಟ್ಟೆ ಒಳಗೆ ಹೋಯಿತು.

“ನನ್ನ ಹೊಟ್ಟೆಗೂ ಎರಡು ಅಂಟಿಸೋ,” ಅಂದ ಮಂಜಣ್ಣ.

ನಕ್ಕಿದ್ದಕ್ಕೆ ಒಂದು ತುಂಡು ಸೋಫಾ ಕೆಳಗೆ ಹೋಯಿತು. ತಿಪ್ಪೇಶಿ ಮಂಡಿ ಊರಿ ಹುಡುಕಿ ಕೊಟ್ಟ. ಅವನಿಗೆ ವೀರೇಶ ವಹಿಸಿರುವ ಕೆಲಸವೂ ಅಂಥದ್ದೇ. ಕತ್ತರಿಸಿದ ಕಾಗದದ ಅಂಚು ಬೆಳ್ಳಗೆ ಕಾಣುತ್ತದೆ, ಅದಕ್ಕೆ ಬೂದುಬಣ್ಣ ಬಳಿಯಬೇಕು. ಅದೊಂದು ಮಾಡದಿದ್ದರೆ ಎಂಥಾ ಮಾದರಿಯಾದರೂ ಮಕ್ಕಳ ಸ್ಕೂಲ್ ಪ್ರಾಜೆಕ್ಟ್ ಥರಾನೇ ಕಾಣುತ್ತದೆ, ನನ್ನ ಲೆಕ್ಕದಲ್ಲಿ ಇಡೀ ಕೆಲಸದಲ್ಲಿ ಮುಖ್ಯವಾದದ್ದೇ ಅದು. ತಿಪ್ಪೇಶಿಗೆ ಇದನ್ನು ಹೇಳಿಲ್ಲ, ಹೇಳಿದರೆ ಕೂಲಿ ಕೇಳುತ್ತಾನೆ.

ಕಿಟಕಿ ವಿಷಯಕ್ಕೆ ದೊಡ್ಡ ಜಗಳವೇ ಆಯಿತು. ಹೆಚ್ಚಿನವರು ಕಿಟಕಿಯನ್ನು ಪ್ರಿಂಟ್ ಮಾಡಿದ್ದನ್ನೇ ಹಾಗೇ ಬಿಡುತ್ತಾರೆ. ವೀರೇಶ ಒಂದೊಂದನ್ನೂ ಕೊರೆದು ತೆಗೆದು ಹಿಂದೆ ಬಣ್ಣದ ಟ್ರೇಸಿಂಗ್ ಪೇಪರ್ ಅಂಟಿಸುತ್ತಾನೆ. ಒಂದು ಕಿಟಕಿಯ ಪ್ರಿಂಟು ಮಂಜಣ್ಣನಿಗೆ ಹಿಡಿಸಲೇ ಇಲ್ಲ.

“ಇದು ಪಿಕ್ಸೆಲ್ ಒಡೆದಿದೆ ಕಣೋ. ಬರೀ ಚೌಕ ಚೌಕ. ಇಂಥದ್ದನ್ನ ಕೊಟ್ರೆ ಗಿರಾಕಿ ನನ್ನ ಮುಖಕ್ಕೆ ಎಸೀತಾನೆ.”

“ಅದು ಇರೋದೇ ಹಂಗೆ ಮಂಜಣ್ಣ. ಗೆರ್‌ಹಾರ್ಡ್ ರಿಕ್ಟರ್ ಅಂತ ದೊಡ್ಡ ಚಿತ್ರಕಾರ, 2007ರಲ್ಲಿ ಹೊಸದಾಗಿ ಮಾಡಿಕೊಟ್ಟ ಕಿಟಕಿ ಅದು. 11,000ಕ್ಕೂ ಜಾಸ್ತಿ ಗಾಜಿನ ಚೌಕ, 72 ಬಣ್ಣ. ಯಾವ ಬಣ್ಣ ಎಲ್ಲಿ ಅಂತ ಹೆಚ್ಚಿನದನ್ನ ಕಂಪ್ಯೂಟರ್‌ಗೇ ಬಿಟ್ಟಿದ್ದ.”

ಮಂಜಣ್ಣ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. “ನಮ್ಮ ಹುಡುಗ ಫೈಲ್ ಕೆಡಿಸಿದಾಗಲೂ ಹಿಂಗೇ ಬರುತ್ತೆ. ಅವನಿಗೆ ಬೈತಾ ಇದ್ದೆ ಪಾಪ.”

ಇಷ್ಟರಲ್ಲಿ ಅತ್ತಿಗೆ ಕಾಫಿ ತಂದರು. ಬಂದವರೇ, “ಯಾವಾಗ ಮುಗಿಯುತ್ತಂತೆ ಕೇಳಿ ನಿಮ್ಮ ಸ್ನೇಹಿತರನ್ನ. ಹೋದ ದೀಪಾವಳಿಯಿಂದ ನನ್ನ ಟೇಬಲ್ ಇಲ್ಲೇ ಇದೆ,” ಅಂದರು.

ವೀರೇಶ ಈ ಪ್ರಶ್ನೆಗೆ ತಯಾರಾಗಿಯೇ ಇರುತ್ತಾನೆ. ಕಲೋನ್ ಚರ್ಚಿಗೆ ಪಾಯ ಹಾಕಿದ್ದು 1248ರಲ್ಲಿ. ಹದಿನಾರನೇ ಶತಮಾನದಲ್ಲಿ ದುಡ್ಡೂ ಇಲ್ಲ, ಆಸಕ್ತಿಯೂ ಇಲ್ಲ ಅಂತ ಕೆಲಸ ನಿಂತಿತು. ಅರ್ಧ ಎದ್ದ ಗೋಪುರದ ಮೇಲೆ ಮರದ ಕ್ರೇನು ಮುನ್ನೂರು ವರ್ಷ ಹಾಗೇ ನಿಂತಿತ್ತು. ಅಲ್ಲಿ ಹುಟ್ಟಿದವರು ಕ್ರೇನ್ ನೋಡಿಕೊಂಡೇ ಬೆಳೆದರು, ಕ್ರೇನ್ ನೋಡಿಕೊಂಡೇ ಸತ್ತರು. ಮತ್ತೆ ಶುರುವಾಗಿದ್ದು 1842ರಲ್ಲಿ, ಮುಗಿದಿದ್ದು 1880ರಲ್ಲಿ.

“ಒಟ್ಟು 632 ವರ್ಷ,” ಅಂದರು ಮೇಷ್ಟ್ರು, ಯಾರೂ ಕೇಳದಿದ್ದರೂ.

“ಅಷ್ಟು ದಿನ ಟೇಬಲ್ ಕೊಡೋಕಾಗಲ್ಲ ಸರ್.”

“ಅವರಿಗೆ ನಕ್ಷೆನೇ ಕಳೆದುಹೋಗಿತ್ತು ಕಣೇ,” ಅಂದ ವೀರೇಶ. “ಮುಂಭಾಗದ ಹಳೇ ನಕ್ಷೆ, ಚರ್ಮದ ಹಾಳೆ ಮೇಲೆ ಬರೆದಿದ್ದು, ನಾಲ್ಕು ಮೀಟರ್ ಎತ್ತರದ್ದು. ಅರ್ಧ 1814ರಲ್ಲಿ ಡಾರ್ಮ್‌ಸ್ಟಾಟ್ ಅನ್ನೋ ಊರಲ್ಲಿ ಸಿಕ್ತು, ಇನ್ನರ್ಧ ಎರಡು ವರ್ಷ ಆದ ಮೇಲೆ ಪ್ಯಾರಿಸ್‌ನಲ್ಲಿ ಸಿಕ್ತು. ಅದನ್ನ ನೋಡ್ಕೊಂಡೇ ಗೋಪುರ ಮುಗಿಸಿದ್ದು. ನನ್ನ ಮಾದರಿ ನಕ್ಷೆಯ ಏಳನೇ ಹಾಳೆ ಎಲ್ಲಿ ಸಿಕ್ತು ಹೇಳು ಇವರಿಗೆ.”

ಅತ್ತಿಗೆ ಏನೂ ನಾಚಿಕೊಳ್ಳಲಿಲ್ಲ. ಏಳನೇ ಹಾಳೆ ಫ್ರಿಜ್ ಮೇಲೆ ಸಿಕ್ಕಿತ್ತು. ಹಿಂದೆ ಖಾಲಿ ಇತ್ತು, ಕಾಗದ ದಪ್ಪಗೆ ಚೆನ್ನಾಗಿತ್ತು, ಹಾಲಿನ ಲೆಕ್ಕ ಬರೆದಿದ್ದರು.

ಮೇಷ್ಟ್ರು ಮಧ್ಯಸ್ಥಿಕೆಗೆ ಬಂದರು. ಮಾದರಿ ಕಟ್ಟುವುದು ಹುಚ್ಚಲ್ಲಮ್ಮಾ, ಲಂಡನ್ನಿನ ಸೇಂಟ್ ಪಾಲ್ಸ್ ಕಟ್ಟುವ ಮೊದಲು ಕ್ರಿಸ್ಟೋಫರ್ ರೆನ್ 1673ರಲ್ಲಿ ಓಕ್ ಮರದ ಮಾದರಿ ಮಾಡಿಸೋಕೆ ಶುರು ಮಾಡಿದ, ಆರು ಮೀಟರಿಗಿಂತ ಉದ್ದ, ಅದಕ್ಕೆ ಆಗಿದ್ದ ಖರ್ಚಲ್ಲಿ ಲಂಡನ್ನಲ್ಲಿ ಒಂದು ಒಳ್ಳೆ ಮನೆ ಬರ್ತಿತ್ತು, ಇವತ್ತಿಗೂ ಇದೆ ಅಂತೆಲ್ಲಾ ಹೇಳಿದರು.

“ಆಮೇಲೆ ಅದೇ ಥರ ಚರ್ಚ್ ಕಟ್ಟಿದ್ರಾ?”

“ಇಲ್ಲ. ಪಾದ್ರಿಗಳಿಗೆ ಇಷ್ಟ ಆಗ್ಲಿಲ್ಲ, ಬೇಡ ಅಂದ್ರು.”

“ಅಲ್ವಾ ಮತ್ತೆ,” ಅಂದು ಅತ್ತಿಗೆ ಕಾಫಿ ಲೋಟ ಇಟ್ಟು ಕೆಳಗೆ ಹೋದರು.

ಸ್ವಲ್ಪ ಹೊತ್ತು ಎಲ್ಲರೂ ದೋಸೆ ತಿಂದೆವು. ಮೇಜಿನಿಂದ ಆರಡಿ ದೂರದಲ್ಲಿ, ನೆಲದ ಮೇಲೆ, ವೀರೇಶ ಹಾಕಿದ ಗಡಿ ದಾಟದೆ.

ಕೈ ಚೀಪುತ್ತಾ ತಿಪ್ಪೇಶಿ ಅಸಲಿ ಪ್ರಶ್ನೆ ಎತ್ತಿದ. “ಎಲ್ಲಾ ಸರಿ. ಜರ್ಮನಿದೇ ಯಾಕೆ? ಹದಿನಾಲ್ಕು ಕಿಲೋಮೀಟರ್ ಹೋದ್ರೆ ಹರಿಹರೇಶ್ವರನ ಗುಡಿ ಐತೆ. ಅದನ್ನ ಮಾಡೋಕೇನು ರೋಗ?”

“ಹೌದಲ್ಲ,” ಅಂದರು ಮೇಷ್ಟ್ರು. “ಹೊಯ್ಸಳರ ಎರಡನೇ ನರಸಿಂಹನ ಮಂತ್ರಿ ಪೋಲಾಳ್ವ ಅದನ್ನ ಕಟ್ಟಿಸಿದ್ದು 1224ರ ಸುಮಾರಿಗೆ. ಜರ್ಮನಿಯವರು ಪಾಯ ಅಗೆಯೋ ಹೊತ್ತಿಗೆ ಹರಿಹರದಲ್ಲಿ ಪೂಜೆ ಶುರುವಾಗಿ ಇಪ್ಪತ್ತನಾಲ್ಕು ವರ್ಷ ಆಗಿತ್ತು.”

“ಚರ್ಚೇ ಬೇಕು ಅಂದ್ರೂ ಮೈಸೂರಲ್ಲಿ ಸೇಂಟ್ ಫಿಲೋಮಿನಾ ಇದೆ,” ಅಂತ ನಾನೂ ಕೈಲಾದಷ್ಟು ಬೆಂಕಿ ಹಾಕಿದೆ. ಅದಕ್ಕೆ 1933ರಲ್ಲಿ ಅಡಿಗಲ್ಲು ಹಾಕಿದ್ದು ನಾಲ್ವಡಿ ಕೃಷ್ಣರಾಜ ಒಡೆಯರು, ಕಟ್ಟಿದ್ದೂ ಈ ಕಲೋನ್ ಚರ್ಚನ್ನೇ ನೋಡಿಕೊಂಡು. ಗೋಪುರ 175 ಅಡಿ. 100ಕ್ಕೆ 1ರ ಅಳತೆಯಲ್ಲಿ ಮಾಡಿದರೆ ಇದೇ ಅರ್ಧ ಮೀಟರ್ ಬರುತ್ತದೆ, ಅಂಗೈ ಅಗಲದ ಕಿಟಕಿಗೆ ಕಣ್ಣು ಕಳೆದುಕೊಳ್ಳುವುದೂ ತಪ್ಪುತ್ತದೆ.

ವೀರೇಶ ಕಟ್ಟರ್ ಕೆಳಗಿಟ್ಟ. “ಮೈಸೂರಿಂದು ಮಾಡಬಹುದು, ಇಲ್ಲ ಅನ್ನಲ್ಲ. ಹರಿಹರದ್ದು ಕಷ್ಟ ತಿಪ್ಪೇಶಿ. ಕಲೋನ್ ಗೋಪುರದ ತುದಿ ನೋಡು, ಎಂಟು ಮುಖ, ಎಂಟೂ ಚಪ್ಪಟೆ ತ್ರಿಕೋನ. ಗೀರು, ಮಡಚು, ಅಂಟಿಸು. ಹರಿಹರದ ಕಂಬ ತಿರುಗಣಿಯಲ್ಲಿ ಕಡೆದಿದ್ದು. ಉಬ್ಬು, ತಗ್ಗು, ಉಂಗುರ, ಗಂಟೆ. ಕಾಗದಕ್ಕೆ ಅದು ಬರಲ್ಲ.”

“ಯಾಕೆ ಬರಲ್ಲ? ಸುತ್ತಿದ್ರೆ ಆಯ್ತು.”

“ಸುತ್ತಿದ್ರೆ ಕೊಳವೆ ಬರುತ್ತಪ್ಪ, ಗಂಟೆ ಬರಲ್ಲ,” ಅಂದರು ಮೇಷ್ಟ್ರು. ನಲವತ್ತು ವರ್ಷ ಪಾಠ ಮಾಡಿದವರ ಕೈ ಸುಮ್ಮನಿರುವುದಿಲ್ಲ, ಮೇಜಿನ ಅಂಚಿನಲ್ಲಿದ್ದ ಒಂದು ಹಾಳೆ ಎತ್ತಿಕೊಂಡರು. “ನೋಡು. ಕಾಗದ ಒಂದು ದಿಕ್ಕಿಗೆ ಎಷ್ಟು ಬೇಕಾದ್ರೂ ಬಾಗುತ್ತೆ. ಬಾಗಿಸಿದ ಮೇಲೆ ಇನ್ನೊಂದು ದಿಕ್ಕಿಗೆ ಬಾಗು ಅಂದ್ರೆ ಕೇಳಲ್ಲ. ಯಾಕಂದ್ರೆ ಅದು ಹಿಗ್ಗಲ್ಲ, ಕುಗ್ಗಲ್ಲ. ಬಲವಂತ ಮಾಡಿದೆ ಅಂದ್ರೆ ಹಿಂಗೆ...” ಅಂತ ಎರಡೂ ಕಡೆಯಿಂದ ಒತ್ತಿದರು. ಹಾಳೆ ಅಂಕುಡೊಂಕಾಗಿ ಮುರಿದು ಮುದ್ದೆಯಾಯಿತು.

“ನಿಲ್ಲಿಸಿ ನಿಲ್ಲಿಸಿ!” ತಿಪ್ಪೇಶಿ ಎದ್ದೇ ನಿಂತ. “ಅದನ್ನ ಹಂಗೇ ಇಡಿ ಸರ್. ಚಿತ್ರದುರ್ಗದ ಬೆಟ್ಟ ಬಂತಲ್ಲ! ಇದೇ ನಮ್ಮ ದುರ್ಗ ನೋಡ್ರಲೇ. ಇಲ್ಲೊಂದು ಬಂಡೆ, ಇಲ್ಲೊಂದು ಸಂದಿ, ಇದು ಓಬವ್ವನ ಕಿಂಡಿ. ಆರು ತಿಂಗಳು ಗೀರೋದೂ ಬೇಡ, ಮಡಚೋದೂ ಬೇಡ. ಸುತ್ತ ಏಳು ಸುತ್ತು ಗೋಡೆ ಒಂದು ಅಂಟಿಸಿದ್ರೆ ಮುಗೀತು.”

ಬೂದುಬಣ್ಣದ ಕುಂಚ ಅವನ ಕೈಯಲ್ಲೇ ಇತ್ತು, ಬಂಡೆಗಳಿಗೆ ಬಳಿಯೋಕೆ ಶುರುಮಾಡೇಬಿಟ್ಟ. ನಿಜ ಹೇಳಬೇಕು ಅಂದರೆ ಚೆನ್ನಾಗಿಯೇ ಕಾಣುತ್ತಿತ್ತು. ಆ ಮಡಿಕೆಗಳಲ್ಲಿ ಬಣ್ಣ ಇಳಿದು ನೆರಳು ಬಿದ್ದ ಹಾಗೆ ಆಗಿ, ವೀರೇಶನ ಮುಖದಲ್ಲೂ ಒಂದು ಸಣ್ಣ ಹೊಟ್ಟೆಕಿಚ್ಚು ಕಂಡಿತು.

ಲೋಟ ತೆಗೆದುಕೊಳ್ಳಲು ಬಂದ ಅತ್ತಿಗೆ ಬೆಟ್ಟವನ್ನು ನೋಡಿ ನಿಂತರು. ಬಗ್ಗಿ ಇನ್ನೊಮ್ಮೆ ನೋಡಿದರು. ಬಂಡೆ ಸಂದಿಯಲ್ಲಿ ‘ಮಾರ್ಚ್ 18, ಅರ್ಧ ಲೀಟರ್ ಜಾಸ್ತಿ’ ಅಂತ ಕಾಣುತ್ತಿತ್ತು.

“ರೀ, ಇದು ನನ್ನ ಹಾಲಿನ ಲೆಕ್ಕ!”

“ಏಳನೇ ಹಾಳೆ,” ಅಂದ ವೀರೇಶ ಮೆಲ್ಲಗೆ.

ಮೇಷ್ಟ್ರು ಕಿಟಕಿ ಕಡೆ ನೋಡುತ್ತಾ ಕಾಫಿ ಮುಗಿಸಿದರು. ಲೋಟ ಖಾಲಿಯಾಗಿ ಬಹಳ ಹೊತ್ತಾಗಿತ್ತು.

ಅತ್ತಿಗೆ ಮೂಲ ಪ್ರತಿಯನ್ನು ನೀವಿ ಸರಿ ಮಾಡುವಷ್ಟು ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮಾತು ಬೇರೆ ಕಡೆ ತಿರುಗಿಸಬೇಕು ಅಂತ ಮೇಷ್ಟ್ರೇ ಶುರು ಮಾಡಿದರು. ಹರಿಹರದ ಕಂಬಕ್ಕೆ ಒಂದು ದಾರಿ ಇದೆಯಂತೆ. ಕಾಗದ ಬಾಗಿಸುವುದೇ ಬೇಡ, ಗುಂಡಗೆ ಬಿಲ್ಲೆ ಕತ್ತರಿಸಿ ಒಂದರ ಮೇಲೊಂದು ಅಂಟಿಸುತ್ತಾ ಹೋಗಬೇಕು, ಉಬ್ಬು ಇರುವ ಕಡೆ ದೊಡ್ಡ ಬಿಲ್ಲೆ, ತಗ್ಗು ಇರುವ ಕಡೆ ಸಣ್ಣದು. ಹತ್ತಡಿ ಕಂಬ ಅಂತ ಇಟ್ಟುಕೊಂಡರೆ 50ಕ್ಕೆ 1ರ ಅಳತೆಯಲ್ಲಿ ಆರು ಸೆಂಟಿಮೀಟರ್, ಕಾಲು ಮಿಲಿಮೀಟರ್ ಕಾಗದ, ಹಾಗಾದರೆ...

“ಒಂದು ಕಂಬಕ್ಕೆ 240 ಬಿಲ್ಲೆ.”

“ಕೈಯಲ್ಲಿ ಕತ್ತರಿಸಿದ್ರೆ 632 ವರ್ಷ ಸಾಲಲ್ಲ,” ಅಂದೆ ನಾನು.

ಮಂಜಣ್ಣ ಮಾತ್ರ ನಗಲಿಲ್ಲ. ಅವನ ಕಣ್ಣಲ್ಲಿ ವ್ಯಾಪಾರ ಬಂದಿತ್ತು. “ಕೈಯಲ್ಲಿ ಯಾಕೆ ಕತ್ತರಿಸಬೇಕು? ಡೈ, ಅಂದ್ರೆ ಕತ್ತರಿಸೋ ಅಚ್ಚು, ಮಾಡಿಸಿದ್ರೆ ಮಷಿನ್ ಹೊಡೆಯುತ್ತೆ. ಪತ್ರಿಕೆ ಕತ್ತರಿಸಿ ಉಳಿದ ಚೂರು ಮೂಟೆಗಟ್ಟಲೆ ಬಿದ್ದಿದೆ ನನ್ನ ಹತ್ರ, ಕಾಗದದ ದುಡ್ಡು ಬೇಡ. ಎಷ್ಟೆಷ್ಟು ಅಗಲದ ಬಿಲ್ಲೆ ಬೇಕು ಅಂತ ಹರಿಹರಕ್ಕೆ ಹೋಗಿ ಅಳತೆ ಬರ್ಕೊಂಡು ಬಾ. ಆದ್ರೆ ಈಗ ಬರಬೇಡ ಮಾರಾಯ, ಲಗ್ನದ ಸೀಸನ್ನು, ಉಸಿರಾಡೋಕೆ ಪುರುಸೊತ್ತಿಲ್ಲ. ಆಷಾಢದಲ್ಲಿ ಬಾ. ಹಳೇ ಹಾಳೆ ದುಡ್ಡೂ ತಗೊಂಡು ಬಾ.”