ಅಪ್‌ಡೇಟ್: ಡೀಟೇಲಿಂಗ್ ವರ್ಕ್‌ಶಾಪ್‌ಗೆ ಹೋಗಿ ಬಂದೆ

ನನ್ನ ಕಪ್ಪು ಕಾರಿನ ಸುಳಿ ಸುಳಿ ಗೀರು ಹೋಗುತ್ತಾ, ಡೀಟೇಲಿಂಗ್ (ಕಾರನ್ನು ತೊಳೆದು ಪಾಲಿಷ್ ಮಾಡಿ ಹೊಳೆಸೋದು) ಕಲಿಸೋ ವರ್ಕ್‌ಶಾಪ್‌ಗೆ ಹೋದರೆ ಉಪಯೋಗ ಇದೆಯಾ ಅಂತ ಕೇಳಿದ್ದೆನಲ್ಲ, ಭಾನುವಾರ ಹೋಗಿ ಬಂದೆ. ಒಂದು ಶೆಡ್ಡು, ಎಂಟು ಜನ ಕಾರು ಹುಚ್ಚರು.

ಗೀರಿಗೆ ಕಾರಣ ನಾನೇ! ಒಂದೇ ಬಕೆಟ್, ಹಳೇ ಬನಿಯನ್ನು. ಒರೆಸಿದ ಧೂಳನ್ನೇ ಮತ್ತೆ ಉಜ್ಜುತ್ತಿದ್ದೆ. ಇನ್ನು ಮೇಲೆ ಶಾಂಪೂಗೊಂದು, ಬಟ್ಟೆ ಜಾಲಿಸೋಕೊಂದು ಬಕೆಟ್.

ತೊಳೆದ ಬಾನೆಟ್ ಮೇಲೆ ಪ್ಲಾಸ್ಟಿಕ್ ಕವರಿನೊಳಗೆ ಬೆರಳಿಟ್ಟು ಸವರಿದೆ. ರವೆ ಚೆಲ್ಲಿದ ಹಾಗೆ ತರಿತರಿ! ಕ್ಲೇ ಬಾರ್ (ಅಂಟಿದ ಕೊಳೆ ಎತ್ತೋ ಜೇಡಿಮಣ್ಣಿನಂಥ ಮುದ್ದೆ) ಆಡಿಸಿದ ಮೇಲೆ ಗಾಜಿನಂತೆ ನುಣುಪು. ಆಮೇಲೆ ಪಾಲಿಷರ್ ಹಿಡಿದೆ. ಮುಕ್ಕಾಲು ಗೀರು ಮಾಯ. ಆಳವಾದವು ಹಾಗೇ ಇವೆ. ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಇರೋದೇ ಸುಮಾರು 40-50 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಜಾಸ್ತಿ ಉಜ್ಜಿದರೆ ಅದೇ ಹೋಗುತ್ತೆ.

ಸೆರಾಮಿಕ್ ಕೋಟಿಂಗ್ (ಪೇಂಟ್ ಕಾಪಾಡೋ ಲೇಪ) ಮಾಡಿಸಿ ಅಂದವರೇ, ಮೊದಲು ನನ್ನ ತೋಳು ನೋವು ಹೋಗಲಿ.