ಬಿರುಕಿನ ಆಳ ಥರ್ಮೋಗ್ರಫಿಯಲ್ಲಿ ಸಿಗುತ್ತಾ? ಮಾಡಿ ನೋಡಿದವರು ಹೇಳಿ

ಕೇಳಿದವರು: ಪೀಣ್ಯದಲ್ಲಿ ನಮ್ಮದು ಉಕ್ಕಿನ ಫೋರ್ಜಿಂಗ್ ತಪಾಸಣೆ. ಬಿರುಕಿಗೆ ಇಳಿಯುವ ಬಣ್ಣದ ದ್ರವ ಹಚ್ಚಿ ನೋಡುವ ಡೈ ಪೆನೆಟ್ರಂಟ್‌ನಲ್ಲಿ ಬಿರುಕಿನ ಉದ್ದ ಕಾಣುತ್ತದೆ, ಆಳ ಕಾಣುವುದಿಲ್ಲ. ಅರ್ಧ ಮಿಲಿಮೀಟರ್ ಒಳಗಿದ್ದರೆ ಗ್ರೈಂಡ್ ಮಾಡಿ ಉಳಿಸಿಕೊಳ್ಳಿ ಅಂತ ಗ್ರಾಹಕರು ಹೇಳಿದ್ದಾರೆ. ಪೀಸ್ ಬಿಸಿ ಮಾಡಿ ಶಾಖ ಹೇಗೆ ಹರಡುತ್ತದೆ ಅಂತ ನೋಡುವ ಥರ್ಮೋಗ್ರಫಿಗೆ ಥರ್ಮಲ್ ಕ್ಯಾಮೆರಾ ತೆಗೆದುಕೊಳ್ಳಬಹುದಾ?

ಬೊಮ್ಮಸಂದ್ರ: ಕ್ಯಾಮೆರಾ ಆಮೇಲೆ ಸರ್. ಬಿಸಿ ಹೇಗೆ ಕೊಡ್ತೀರಿ ಅನ್ನೋದು ಮೊದಲು. ನಾನು ಎರಡು ಫ್ಲ್ಯಾಶ್ ಲ್ಯಾಂಪ್ ತಂದೆ, ಪವರ್ ಪ್ಯಾಕ್ ಸೇರಿ ನಾಲ್ಕೂವರೆ ಲಕ್ಷ. ನೆಟ್ಟಗೆ ಇಳಿದ ಬಿರುಕು ಒಂದೂ ಕಾಣಲಿಲ್ಲ. ಬಿಸಿ ಮೇಲಿಂದ ಕೆಳಗೆ ಇಳಿಯುತ್ತದೆ, ಬಿರುಕೂ ಹಾಗೇ ನಿಂತಿರುತ್ತದೆ, ಅಡ್ಡ ಬರುವುದೇ ಇಲ್ಲ. ಪದರ ಪದರವಾಗಿ ಅಂಟಿಸಿದ ಕಾಂಪೋಸಿಟ್‌ನಲ್ಲಿ ಪದರ ಬಿಟ್ಟಿದ್ದರೆ ಅದೇ ಲ್ಯಾಂಪ್ ಚೆನ್ನಾಗಿ ತೋರಿಸುತ್ತದೆ. ನಮಗೆ ಆ ಕೆಲಸವೇ ಬರುವುದಿಲ್ಲ. ಕಂತು ಇನ್ನೂ ಏಳು ಬಾಕಿ.

ಲೇಸರ್ ಬಳಕೆದಾರ: ಲೇಸರ್ ಹಾಕಬೇಕಿತ್ತು. ಬಿರುಕಿನ ಪಕ್ಕ ಒಂದು ಚುಕ್ಕಿ ಬಿಸಿ ಮಾಡಿ. ಗುಂಡಗೆ ಹರಡಬೇಕಾದ ಬಿಸಿ ಒಂದು ಕಡೆ ಚಾಕುವಿನಲ್ಲಿ ಕೊಯ್ದ ಹಾಗೆ ನಿಲ್ಲುತ್ತದೆ. ಆಳ ಜಾಸ್ತಿ ಆದಷ್ಟೂ ಎರಡು ಬದಿಯ ವ್ಯತ್ಯಾಸ ಜಾಸ್ತಿ. ಅದಕ್ಕೂ ಮಿತಿ ಇದೆ. ಲೇಸರನ್ನು 1 ಹರ್ಟ್ಸ್‌ನಲ್ಲಿ ಏರಿಳಿಸಿದರೆ ಸಾದಾ ಉಕ್ಕಿನಲ್ಲಿ ಶಾಖದ ಅಲೆ ಸುಮಾರು 2 ಮಿಮೀ ಇಳಿಯುತ್ತದೆ, 304 ಸ್ಟೇನ್‌ಲೆಸ್‌ನಲ್ಲಿ 1 ಮಿಮೀ ಚಿಲ್ಲರೆ. ಅದಕ್ಕಿಂತ ತುಂಬಾ ಆಳದವೆಲ್ಲ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಮುಚ್ಚಿದ ಕ್ಯಾಬಿನ್, ಕನ್ನಡಕ, ಬಾಗಿಲು ತೆರೆದರೆ ಲೇಸರ್ ನಿಲ್ಲಿಸುವ ಇಂಟರ್‌ಲಾಕ್‌ಗೇ 1.8 ಲಕ್ಷ ಆಯಿತು. ಕೊಟ್ಟಿದ್ದಕ್ಕೆ ಬೇಜಾರಿಲ್ಲ.

ಹಳೇ ಇನ್‌ಸ್ಪೆಕ್ಟರ್: ನಾನೂ ಲೇಸರ್ ನಂಬಿಯೇ ಕೆಟ್ಟೆ. ಇಡಿಎಂನಲ್ಲಿ, ಅಂದರೆ ವಿದ್ಯುತ್ ಕಿಡಿಯಿಂದ, ನಾಚ್ (ಬಿರುಕಿನಂಥ ಕೃತಕ ಸೀಳು) ಕೊರೆದ ಬ್ಲಾಕ್ ಮೇಲೆ ಕ್ಯಾಲಿಬ್ರೇಟ್ ಮಾಡಿದ್ದೆವು. ನಾಚ್ ಅಗಲ 0.25 ಮಿಮೀ. ನಿಜವಾದ ಬಿರುಕು ಕೆಲವೇ ಮೈಕ್ರಾನ್. ಎರಡು ಗೋಡೆ ಅಲ್ಲಲ್ಲಿ ತಾಗಿರುತ್ತವೆ, ಶಾಖ ದಾಟಿಬಿಡುತ್ತದೆ. ನಮ್ಮ ರೀಡಿಂಗ್ 0.4 ಮಿಮೀ. ಕೊಯ್ದು, ಪಾಲಿಶ್ ಮಾಡಿ ಮೈಕ್ರೋಸ್ಕೋಪ್ ಕೆಳಗಿಟ್ಟರೆ 1.1! ಅಷ್ಟರಲ್ಲಿ 340 ಪೀಸ್ ಹೋಗಿಯಾಗಿತ್ತು. ಅಷ್ಟೂ ವಾಪಸ್ ಬಂದವು, ಲಾರಿ ಬಾಡಿಗೆಯೂ ನಮ್ಮದೇ.

ಲೇಸರ್ ಬಳಕೆದಾರ: ಬರೀ ನಾಚ್ ನೋಡಿ ಪೀಸ್ ಕಳಿಸಿದ್ದು ನಿಮ್ಮ ತಪ್ಪು. ಲೇಸರ್ ಏನು ಮಾಡಿತು? ನಾವು ಮತ್ತೆ ಮತ್ತೆ ಭಾರ ಹಾಕಿ ನಿಜವಾದ (ಫಟೀಗ್) ಬಿರುಕು ಬೆಳೆಸಿದ ತುಂಡುಗಳ ಮೇಲೆ ಮೂರು ತಿಂಗಳು ಕೂತಿದ್ದೆವು.

ಕಾಯಿಲ್ ಸುತ್ತುವವಳು: ಉಕ್ಕು ಅಂದಮೇಲೆ ಕಾಯಿಲ್‌ನಿಂದ ಪೀಸ್‌ನಲ್ಲೇ ಕರೆಂಟ್ ಹುಟ್ಟಿಸಿ ಬಿಸಿ ಮಾಡುವ ಇಂಡಕ್ಷನ್ ಇರುವಾಗ ಲೇಸರ್ ಯಾಕೆ? ಕರೆಂಟ್ ಮೇಲಿನ ತೆಳು ಪದರದಲ್ಲೇ ಓಡುತ್ತದೆ. ಬಿರುಕಿನ ಅಂಚು ತಾನಾಗೇ ಬಿಸಿಯಾಗಿ ಹೊಳೆಯುತ್ತದೆ. ಅರ್ಧ ಸೆಕೆಂಡ್ ಸಾಕು. ಆದರೆ ನಮ್ಮ ಪೀಸ್ ಬಾಗಿದ್ದರಿಂದ ಆರು ಕಾಯಿಲ್ ಸುತ್ತಿದೆ. ಅವುಗಳಲ್ಲಿ ನಾಲ್ಕು, ಕ್ಯಾಮೆರಾಕ್ಕೇ ಅಡ್ಡ ಬಂದವು.

ಲೇಸರ್ ಬಳಕೆದಾರ: ಅದಿರಲಿ ಮೇಡಂ. ಇನ್‌ಸ್ಪೆಕ್ಟರ್ ಸರ್, ನೀವು ಕಪ್ಪು ಪೇಂಟ್ ಹೊಡೆದಿದ್ರಿ ಅಲ್ವಾ? ಅದು ಬಿರುಕಿನೊಳಗೆ ಇಳಿದು ಶಾಖ ದಾಟಿಸಿದೆ.

ಹಳೇ ಇನ್‌ಸ್ಪೆಕ್ಟರ್: ಪೇಂಟ್ ಇಲ್ಲದಿದ್ದರೆ ಉಜ್ಜಿದ ಉಕ್ಕಿನಲ್ಲಿ ಪೀಸ್ ಬದಲು ನಮ್ಮ ಮುಖದ ಬಿಸಿ ಕಾಣುತ್ತದೆ. ನಿಮಗೆ ಗೊತ್ತಿಲ್ಲದ್ದೇನಲ್ಲ. ಕೊಯ್ದ ತುಂಡು ಇನ್ನೂ ನನ್ನ ಮೇಜಿನ ಮೇಲಿದೆ. ಬಂದು ಲೆನ್ಸ್ ಹಿಡಿದು ನೋಡಿ. ಪೇಂಟ್ ಬಾಯಲ್ಲೇ ನಿಂತಿದೆ, ಒಳಗೆ ಒಂದು ಚುಕ್ಕೆಯೂ ಇಲ್ಲ.