ಅಪ್‌ಡೇಟ್: ರೋಲ್ಸ್-ರಾಯ್ಸ್ ಚಾಸಿಗೆ ಕೊನೆಗೆ ಪೇಂಟೇ ಹೊಡೆಸಿದೆ

ತಾತನ 1934ರ ರೋಲ್ಸ್-ರಾಯ್ಸ್ 20/25 ಕಾರಿನ ಚಾಸಿಗೆ (ಬಾಡಿಯ ಕೆಳಗಿನ ಉಕ್ಕಿನ ಚೌಕಟ್ಟು) ಪೌಡರ್ ಕೋಟಿಂಗ್ (ಬಣ್ಣದ ಪುಡಿ ಸಿಂಪಡಿಸಿ ಕಾಯಿಸಿ ಅಂಟಿಸುವುದು) ಮಾಡಿಸಲೋ, ಪೇಂಟ್ ಹೊಡೆಸಲೋ ಅಂತ ಆರು ತಿಂಗಳ ಹಿಂದೆ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಪೇಂಟೇ ಗೆದ್ದಿತು.

ನೀವು ಹೇಳಿದಂತೆ ಮೊದಲು ಮೂಲೆಯಿಂದ ಮೂಲೆಗೆ ಅಳತೆ ತೆಗೆದೆ. ಸೊಟ್ಟ ಇರಲಿಲ್ಲ. ಸ್ಯಾಂಡ್ ಬ್ಲಾಸ್ಟ್ (ಮರಳು ಚಿಮ್ಮಿಸಿ ತುಕ್ಕು, ಹಳೇ ಬಣ್ಣ ತೆಗೆಯುವುದು) ಆದ ಮೇಲೆ, ಬಿರುಕು ಇದೆಯಾ ಅಂತ ಕೆಂಪು ಡೈ ಹಚ್ಚಿ, ಒರೆಸಿ, ಬಿರುಕಿನೊಳಗೆ ಉಳಿದ ಡೈಯನ್ನು ಎತ್ತಿ ತೋರಿಸುವ ಬಿಳಿ ಡೆವಲಪರ್ ಸಿಂಪಡಿಸಿ ನೋಡಿದೆವು. ಹಿಂದಿನ ಸ್ಪ್ರಿಂಗ್ ಬ್ರಾಕೆಟ್ ಹತ್ತಿರ ಕೂದಲೆಳೆಯಷ್ಟು ಬಿರುಕು! ಸುಮ್ನೆ ಪೌಡರ್ ಹೊಡೆಸಿದ್ದರೆ ಅದರಡಿ ಮುಚ್ಚಿಹೋಗುತ್ತಿತ್ತು, ಅಲ್ವಾ? ಬಿರುಕಿನ ತುದಿಗೆ ಸಣ್ಣ ತೂತು ಕೊರೆದು ವೆಲ್ಡ್ ಮಾಡಿಸಿದೆ.

ಚಾಸಿ ನಂಬರನ್ನು ಬ್ಲಾಸ್ಟಿಂಗ್‌ಗೆ ಮುಂಚೆ ಟೇಪ್ ಸುತ್ತಿ ಮುಚ್ಚಿದ್ದೆ. ಆಗ ರೋಲ್ಸ್-ರಾಯ್ಸ್ ಮಾಡುತ್ತಿದ್ದುದು ಚಾಸಿ, ಎಂಜಿನ್ ಮಾತ್ರ; ಬಾಡಿ ಕಟ್ಟುವವರು ಬೇರೆ. ಹಾಗಾಗಿ ಆ ನಂಬರೇ ಕಾರಿನ ಜಾತಕ.

ಜಾಸ್ತಿ ಸತಾಯಿಸಿದ್ದು ಎಣ್ಣೆ ಪೈಪುಗಳು. ಪೆಡಲ್ ತುಳಿದರೆ ಸ್ಪ್ರಿಂಗ್, ಶ್ಯಾಕಲ್‌ಗಳಿಗೆಲ್ಲ (ಸ್ಪ್ರಿಂಗನ್ನು ಚಾಸಿಗೆ ಜೋಡಿಸುವ ಕೊಂಡಿಗಳು) ಎಣ್ಣೆ ಹೋಗುವ ವ್ಯವಸ್ಥೆ ಇದರಲ್ಲಿದೆ. ಯಾರೋ ಪುಣ್ಯಾತ್ಮರು ಹಿಂದೆ ಅದಕ್ಕೆ ಗ್ರೀಸ್ ತುಂಬಿದ್ದರು, ಕಲ್ಲಾಗಿತ್ತು. ಪೈಪುಗಳನ್ನೆಲ್ಲ ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಸಿಟ್ಟೆ. ಎರಡು ಇನ್ನೂ ಕಟ್ಟಿಕೊಂಡೇ ಇವೆ. ಅವು ಬಿಟ್ಟ ಮೇಲೆಯೇ ಬಾಡಿ ಕೂರಿಸುವುದು.